ಆರು ಸಾವಿರ ಹಲ್ಲಿನ ಡಬ್ಬಿಗಳು

ಟಪ್.

ಆ ಸದ್ದು ದೊಡ್ಡದಲ್ಲ. ಮಾಗಿದ ನೇರಳೆ ಹಣ್ಣೊಂದು ಒಣಗಿದ ಎಲೆಯ ಮೇಲೆ ಬಿದ್ದಷ್ಟು. ಚನ್ನಪಟ್ಟಣದ ಆ ಗಲ್ಲಿಯ ಗೊಂಬೆ ಕಾರ್ಖಾನೆಯಲ್ಲಿ ಮರ ಕಡೆಯುವ ಒಂಬತ್ತು ಲೇತ್‌ಗಳು ಒಟ್ಟಿಗೆ ತಿರುಗುವಾಗ ಅದು ಯಾರ ಕಿವಿಗೂ ಬೀಳಬಾರದು. ಆದರೆ ಕಿಟಕಿಯ ಪಕ್ಕದ ಮೂರನೆಯ ಲೇತಿನ ಮುಂದೆ ಕೂತ ಗಂಗಲಕ್ಷ್ಮಮ್ಮನಿಗೆ ಕೇಳಿಸುತ್ತದೆ. ಕಡೆದು ಮುಗಿಸಿದ ಕುಂಕುಮದ ಭರಣಿಯನ್ನು ಕಿವಿಯ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಮುಚ್ಚಳ ಎತ್ತುತ್ತಾಳೆ. ಟಪ್ ಎಂದರೆ ಬಲಗಡೆಯ ಬುಟ್ಟಿಗೆ. ಎನ್ನದಿದ್ದರೆ ಮತ್ತೆ ಲೇತಿಗೆ. ದಿನಕ್ಕೆ ನೂರು ಸಲ, ಮೂವತ್ತೊಂದು ವರ್ಷ. ಅವಳ ಬಲಗಿವಿಯ ಓಲೆಯ ಮೇಲೆ ಯಾವಾಗಲೂ ಒಂದು ಚಿಟಿಕೆ ಮರದ ಪುಡಿ ಕೂತಿರುತ್ತದೆ.

ಅವಳಿಗೆ ಈಗ ಐವತ್ತೇಳು. ತವರು ಕನಕಪುರದ ಕಡೆಯ ದೊಡ್ಡಆಲಹಳ್ಳಿ. ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದಾಗ ತಿರುಗುವ ವಸ್ತು ಎಂದರೆ ಅವಳಿಗೆ ಗೊತ್ತಿದ್ದದ್ದು ರಾಗಿಕಲ್ಲು ಒಂದೇ. ಲೇತ್ ಕಲಿಸಿದವರು ರಾಮಲಿಂಗಯ್ಯ ಮೇಷ್ಟ್ರು. ಅವರಿಗೆ ಎಡಗಿವಿ ಕೇಳುತ್ತಿರಲಿಲ್ಲ. ಉಳಿದ ಒಂದೇ ಕಿವಿಯಿಂದ ಅವರು ಮರದ ಒಳಗನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. “ಕಣ್ಣು ಬಣ್ಣ ನೋಡಿ ಮೋಸ ಹೋಯ್ತದೆ ಕಣವ್ವ. ಕಿವಿ ಹೋಗಾಕಿಲ್ಲ,” ಎಂದು ಮುಚ್ಚಳದ ಪಾಠ ಹೇಳಿಕೊಟ್ಟರು. ಇನ್ನೊಂದು ಪಾಠ ಗೆರೆಯದು. ವಸ್ತು ಮುಗಿದ ಮೇಲೆ ಅದರ ತಳದಲ್ಲಿ, ತಿರುಗುತ್ತಿರುವಾಗಲೇ, ಅರಗಿನ ಕಡ್ಡಿಯ ತುದಿ ತಾಗಿಸಿ ಮಾಡಿದವರು ತಮ್ಮ ಗುರುತಿನ ಬಳೆ ಎಳೆಯಬೇಕು. “ಮಾಡ್ದೋರ ಕೈ ತಳದಲ್ಲಿರ್ಬೇಕು, ನೆತ್ತಿ ಮ್ಯಾಲಲ್ಲ.” ಗಂಗಲಕ್ಷ್ಮಮ್ಮ ಆರಿಸಿಕೊಂಡದ್ದು ಎರಡು ಹಸಿರು ಗೆರೆ, ನಡುವೆ ಒಂದು ಹಳದಿ. ಅದನ್ನು ನೋಡಬೇಕಾದರೆ ಗೊಂಬೆಯನ್ನು ಮಗುಚಬೇಕು. ಜನ ಬೆಲೆ ನೋಡಲು ಮಾತ್ರ ಮಗುಚುತ್ತಾರೆ, ಮತ್ತು ಬೆಲೆಯ ಚೀಟಿ ಸರಿಯಾಗಿ ಆ ಗೆರೆಯ ಮೇಲೆಯೇ ಅಂಟಿರುತ್ತದೆ.

ಅವಳಿಗೆ ಒಂದೇ ಒಂದು ಆಸೆ ಇತ್ತು. ಆ ಮೂರನೆಯ ಲೇತ್ ತನ್ನ ಮನೆಗೆ ಬರಬೇಕು. ಕಾರ್ಖಾನೆಯ ಹಳೆಯ ಯಜಮಾನ ವೃಷಭೇಂದ್ರಪ್ಪನವರು ಸಾಯುವ ಮುಂಚೆ ಎಲ್ಲರ ಎದುರು ಹೇಳಿದ್ದರು: “ಆ ಮೂರನೇದು ಗಂಗಮ್ಮಂದು ಕಣಯ್ಯ. ಅವ್ಳ ಕೈ ಅದಕ್ಕೆ ಒಗ್ಗೈತೆ.” ಮಗ ರುದ್ರಪ್ರಸಾದ್ ಕಣ್ಣೊರೆಸಿಕೊಂಡು ತಲೆಯಾಡಿಸಿದ್ದ. ಅದಾಗಿ ಆರು ವರ್ಷ. ಅಷ್ಟರಲ್ಲಿ ಗಂಗಲಕ್ಷ್ಮಮ್ಮ ಅಡುಗೆಮನೆಯ ಹಿಂದೆ, ಶೀಟು ಹೊದಿಸಿದ ಜಾಗದಲ್ಲಿ, ಅಳತೆಗೆ ಸರಿಯಾಗಿ ಸಿಮೆಂಟಿನ ಕಟ್ಟೆ ಕಟ್ಟಿಸಿದಳು. ಲೇತನ್ನು ಬಿಗಿಯಲು ನಾಲ್ಕು ಬೋಲ್ಟುಗಳನ್ನೂ ಅದರಲ್ಲಿ ಹೂಳಿಸಿದಳು. ಲೇತ್ ಬರಲಿಲ್ಲ. ಕಟ್ಟೆಯ ಮೇಲೆ ಹಪ್ಪಳ ಒಣಗಿದವು. ಆ ನಾಲ್ಕು ಬೋಲ್ಟುಗಳಲ್ಲಿ ಒಂದಕ್ಕಾದರೂ ಗಂಡ ಮುನಿಶಾಮಯ್ಯ ವಾರಕ್ಕೊಮ್ಮೆ ಕಾಲ್ಬೆರಳು ಎಡವಿಸಿಕೊಳ್ಳುತ್ತಿದ್ದ.

“ಈ ಕಬ್ಬಿಣದ ಹಲ್ಲು ಯಾಕೆ ಮಡಗಿದೀಯೆ?” ಎಂದು ಅವನು ರೇಗಿದಾಗಲೆಲ್ಲ, “ಬಾಯಿ ಬಂದ್ಮೇಲೆ ಹಲ್ಲು ಹುಡುಕ್ಕಂಡು ಹೋಗಾಕಾಯ್ತದಾ?” ಎನ್ನುತ್ತಿದ್ದಳು.

ರುದ್ರಪ್ರಸಾದನನ್ನು ಕೆಟ್ಟವನೆನ್ನಲಾಗದು. ಕೆಟ್ಟವನಾಗುವುದಕ್ಕೂ ಒಂದು ಮಾತಿನ ಮೇಲೆ ಸ್ವಲ್ಪ ಹೊತ್ತು ನಿಲ್ಲುವ ಶಕ್ತಿ ಬೇಕು. ಅಪ್ಪನ ಕಾಲದ ‘ವೃಷಭ ಗೊಂಬೆ ಕಾರ್ಖಾನೆ’ ಎಂಬ ಬೋರ್ಡನ್ನು ಇಳಿಸಿ ‘ವೃಷಭ ಗ್ಲೋಬಲ್ ಎಕ್ಸ್‌ಪೋರ್ಟ್ಸ್’ ಎಂದು ಬರೆಸಿದ. ಅಲ್ಲಿಯವರೆಗೆ ಆ ಕಾರ್ಖಾನೆಯಿಂದ ಸಮುದ್ರ ದಾಟಿದ್ದು ಎರಡೇ ರಟ್ಟಿನ ಪೆಟ್ಟಿಗೆ. ಒಂದು ಸಿಂಗಾಪುರದಲ್ಲಿದ್ದ ಷಡ್ಡಕನ ಗೃಹಪ್ರವೇಶಕ್ಕೆ ಹೋಯಿತು. ಇನ್ನೊಂದು ವಿಳಾಸ ತಪ್ಪಿ ಎರಡು ಸಲ ದಾಟಿತು, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಲೇತ್ ಕೇಳಿದಾಗಲೆಲ್ಲ ಅವನು ಹೇಳುತ್ತಿದ್ದದ್ದು ಒಂದೇ: “ಕೊಡೋದೇ ಗಂಗಮ್ಮೋರೆ. ಈ ಆರ್ಡರ್ ಒಂದ್ ಮುಗೀಲಿ.”

ಹಾಗಿರುವಾಗ ಏಪ್ರಿಲ್ ಬಂತು. ಅಮೆರಿಕವೂ ಚೀನಾವೂ ಒಂದರ ಸರಕಿನ ಮೇಲೊಂದು ಸುಂಕ ಏರಿಸತೊಡಗಿದವು. ಇವರು ಮೂವತ್ತನಾಲ್ಕು ಪರ್ಸೆಂಟು ಎಂದರೆ ಅವರೂ ಮೂವತ್ತನಾಲ್ಕು. ಇವರು ಎಂಬತ್ತನಾಲ್ಕು ಎಂದರೆ ಅವರೂ ಎಂಬತ್ತನಾಲ್ಕು. ಬೀದಿ ನಲ್ಲಿಯ ಮುಂದೆ ಜಗಳಕ್ಕೆ ಬಿದ್ದ ಇಬ್ಬರು ವಾರಗಿತ್ತಿಯರು ಒಬ್ಬರ ಕೊಡ ಒಬ್ಬರು ಉರುಳಿಸುತ್ತಾ ಹೋದ ಹಾಗೆ. ನೀರು ಮಾತ್ರ ಯಾರ ಮನೆಗೂ ಹೋಗಲಿಲ್ಲ. ರುದ್ರಪ್ರಸಾದ್ ಕಾರ್ಖಾನೆಯ ಹಾಜರಿ ಬೋರ್ಡನ್ನು ಅಳಿಸಿ, ಅದರ ಮೇಲೆ ದಿನಾ ಬೆಳಿಗ್ಗೆ ಎರಡು ದೇಶಗಳ ಪರ್ಸೆಂಟು ಬರೆಯತೊಡಗಿದ. ಅಂದಿನಿಂದ ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ ಎಂಬುದು ಯಾರಿಗೂ ತಿಳಿಯದಾಯಿತು.

ಒಂದು ಬೆಳಿಗ್ಗೆ ಅವನು ಬೋರ್ಡಿನಲ್ಲಿ ಚೀನಾದ ಮುಂದೆ ನೂರಾ ನಲವತ್ತೈದು ಎಂದು ಬರೆದು, ಅದರ ಸುತ್ತ ಹೂವು ಬಿಡಿಸಿ, ಎಲ್ಲರಿಗೂ ಜಿಲೇಬಿ ಹಂಚಿದ.

ಪಕ್ಕದಲ್ಲಿ ಕೂತು ತಾಳೆಗರಿಯಿಂದ ಬಣ್ಣಕ್ಕೆ ಹೊಳಪು ಕೊಡುತ್ತಿದ್ದ ಮಜೀದಾ, ಇಪ್ಪತ್ತು ವರ್ಷದ ಜೊತೆಗಾತಿ, ಜಿಲೇಬಿ ಹಿಡಿದುಕೊಂಡು ಕೇಳಿದಳು: “ಯಾರ ಮನೇಲಿ ಮಗು ಆಯ್ತು ಗಂಗಕ್ಕ?”

“ಮಗು ಅಲ್ಲ ಕಣೆ. ಚೀನಾಕ್ಕೆ ಜ್ವರ ಬಂದೈತಂತೆ. ನೂರಾ ನಲವತ್ತೈದು.”

“ಯಾ ಅಲ್ಲಾ! ಅದಕ್ಕೆ ಜಿಲೇಬೀನಾ?”

“ತಿನ್ನು, ತಿನ್ನು. ನಾಳೆ ನಮಗೆ ಬಂದಾಗ ಅವ್ರು ತಿಂತಾರೆ.”

ರುದ್ರಪ್ರಸಾದ್ ಕುರ್ಚಿಯ ಮೇಲೆ ಹತ್ತಿ ನಿಂತ. “ಚೀನಾ ಬಿತ್ತು! ಇನ್ಮೇಲೆ ಅಮೆರಿಕದಲ್ಲಿ ಮಗು ಕಣ್ ಬಿಟ್ರೆ ಮೊದ್ಲು ಕಾಣ್ಬೇಕಾದ್ದು ಚನ್ನಪಟ್ಟಣ!”

“ಮೊದ್ಲು ಅವ್ವನ ಮುಖ ಕಾಣ್ಲಿ ಬುಡಿ ಪ್ರಸಾದಪ್ಪ,” ಎಂದಳು ಗಂಗಲಕ್ಷ್ಮಮ್ಮ. ಅವನು ಚಡ್ಡಿ ಹಾಕುವ ವಯಸ್ಸಿನಲ್ಲಿ ಅವಳ ಲೇತಿನ ಕೆಳಗೆ ಬಿದ್ದ ಮರದ ಸುರುಳಿಗಳನ್ನು ಮೀಸೆ ಮಾಡಿಕೊಂಡು ಆಡಿದವನು. ಆ ಸಲಿಗೆ ಅವಳ ನಾಲಗೆಯಲ್ಲಿ ಉಳಿದಿತ್ತು.

ಸಂಜೆ ಮನೆಯಲ್ಲಿ ಮುನಿಶಾಮಯ್ಯ ಸುಂಕ ಎಂದರೇನೆಂದು ವಿವರಿಸಿದ. ಅವನು ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದವನು, ಹೆಚ್ಚು ಕಾಲ ಸೋಲೂರು–ಮಾಗಡಿ ದಾರಿಯಲ್ಲಿ. ನಿವೃತ್ತನಾದ ಮೇಲೆ ಟಿವಿ ನೋಡುತ್ತಿದ್ದ, ಹಾಗಾಗಿ ಜಗತ್ತಿನ ಜವಾಬ್ದಾರಿ ಅವನ ಮೇಲಿತ್ತು.

“ನೋಡು, ಸೋಲೂರಲ್ಲಿ ಒಬ್ಳು ಹೆಂಗ್ಸು ಕೋಳಿ ಬುಟ್ಟಿ ಎತ್ಕಂಡು ಬಸ್ ಹತ್ತುತಾಳೆ ಅಂತಿಟ್ಕೊ. ನಾನೇನ್ಮಾಡ್ತೀನಿ? ಕೋಳಿಗೂ ಟಿಕೆಟ್ ಹರೀತೀನಿ. ಅದೇ ಸುಂಕ.”

“ದುಡ್ಡು ಯಾರು ಕೊಡ್ತಾರೆ, ಕೋಳೀನಾ?”

“ಕೋಳಿ ಹೆಂಗ್ ಕೊಡ್ತದೆ? ಆ ಹೆಂಗ್ಸು ಕೊಡ್ತಾಳೆ.”

“ಆಮ್ಯಾಕೆ ಅವ್ಳು ಮಾಗಡೀಲಿ ಕೋಳಿ ಮಾರುವಾಗ?”

“ಟಿಕೆಟ್ ಕಾಸೂ ಸೇರ್ಸಿ ಮಾರ್ತಾಳೆ.”

“ಅಂದ್ರೆ ಕೊಟ್ಟೋರು ಮಾಗಡಿಯೋರೇ ಆಯ್ತು. ಮಾಗಡಿಯ ಯಜಮಾನನೇ ಬಸ್ ನಿಲ್ಸಿ, ಕೋಳಿಗೆ ಟಿಕೆಟ್ ಹರೀರಿ ಅಂತ ಕೂಗಿ, ತನ್ ಊರೋರ ಜೇಬಿಗೇ ಕೈ ಹಾಕವ್ನೆ. ಅದಕ್ಕೆ ಆ ಊರೋರು ಚಪ್ಪಾಳೆ ಬೇರೆ ಹೊಡೀತಾವ್ರೆ ಅನ್ನಿ.”

ಮುನಿಶಾಮಯ್ಯನ ಮೂವತ್ತು ವರ್ಷದ ಸರ್ವೀಸಿನಲ್ಲಿ ಯಾವ ಪ್ಯಾಸೆಂಜರೂ ಇದನ್ನು ಕೇಳಿರಲಿಲ್ಲ. “ನೀನು ಟೀವಿ ನೋಡಾಕಿಲ್ಲ. ಅದಕ್ಕೇ ನಿಂಗೆ ಅರ್ಥ ಆಗಾಕಿಲ್ಲ,” ಎಂದು ಎದ್ದುಹೋದ. ಹಿಂದಿನ ಬಾಗಿಲಲ್ಲಿ ಬೋಲ್ಟು ಅವನ ಕಾಲಿಗೆ ಸಿಕ್ಕ ಸದ್ದು ಕೇಳಿತು.

ಆ ತಿಂಗಳ ಕೊನೆಗೆ ನಿಜವಾಗಿಯೂ ಒಂದು ಆರ್ಡರ್ ಬಂತು. ಅಮೆರಿಕದ ಒಂದು ಕಂಪನಿಗೆ ಆರು ಸಾವಿರ ಪುಟ್ಟ ಮರದ ಡಬ್ಬಿ ಬೇಕು, ನಲವತ್ತು ದಿನದಲ್ಲಿ. ಅಲ್ಲಿನ ಮಕ್ಕಳ ಹಾಲುಹಲ್ಲು ಬಿದ್ದಾಗ ಅದನ್ನು ಜೋಪಾನವಾಗಿ ಇಟ್ಟುಕೊಳ್ಳಲು.

“ಹಲ್ಲು ಮಡಿಕ್ಕಳಾಕೆ ಡಬ್ಬೀನಾ?” ಗಂಗಲಕ್ಷ್ಮಮ್ಮ ನಕ್ಕಳು. “ಸಗಣಿ ಉಂಡೇಲಿ ಸುತ್ತಿ ಮಾಡಿನ ಮ್ಯಾಲೆ ಎಸುದ್ರಾಯ್ತಪ್ಪ. ಬಿದ್ದಿದ್ದನ್ನೂ ಬುಡಾಕಿಲ್ವಾ ಅವ್ರು?”

“ಅವರ ಸಂಸ್ಕೃತಿ ಗಂಗಮ್ಮೋರೆ. ಗೌರವಿಸ್ಬೇಕು.”

“ಗೌರವ ಇರ್ಲಿ. ಆರು ಸಾವಿರ ಡಬ್ಬೀಗೆ ಮರ ಎಲ್ಲೈತೆ? ಗೊಂಬೆ ಮಾಡೋ ಆಲೆ ಮರ ಒಣಗಾಕೇ ಎಲ್ಡು ತಿಂಗ್ಳು ಬೇಕು. ಹಸಿ ಮರದಲ್ಲಿ ಮಾಡುದ್ರೆ ಮುಚ್ಚಳ ದಾರೀಲೇ ಸೊಟ್ಟ ಆಯ್ತದೆ.”

“ಮರದ ಚಿಂತೆ ನಿಮಗ್ಯಾಕೆ?” ಎಂದು ರುದ್ರಪ್ರಸಾದ್ ಕಣ್ಣು ಮಿಟುಕಿಸಿದ. ಯೋಜನೆ ಇರುವ ಗಂಡಸು ಕಣ್ಣು ಮಿಟುಕಿಸಿದರೆ ಹೆಂಗಸರ ಕೆಲಸ ದುಪ್ಪಟ್ಟಾಗುತ್ತದೆ ಎಂಬುದು ಮಜೀದಾಳ ಅನುಭವ. ಅವಳು ಗಂಗಲಕ್ಷ್ಮಮ್ಮನ ಕಡೆ ನೋಡಿದಳು.

ವಾರ ಕಳೆದು ಹಿಂದಿನ ಗೇಟಿಗೆ ಲಾರಿ ಬಂತು. ಇಳಿದ ಪೆಟ್ಟಿಗೆಗಳಲ್ಲಿ ಕಡೆದು ಸಿದ್ಧವಾಗಿದ್ದ ಡಬ್ಬಿಗಳಿದ್ದವು. ಬಣ್ಣವಿಲ್ಲದ, ಬರಿಮೈಯ, ಒಂದರಂತೆ ಒಂದಾದ ಆರು ಸಾವಿರ. ಮಜೀದಾ ಪೆಟ್ಟಿಗೆಯ ತಳದಿಂದ ಒಂದು ಕಾಗದ ತೆಗೆದು ಬೆಳಕಿಗೆ ಹಿಡಿದಳು. “ಅಕ್ಕ, ಅಕ್ಷರ ನೋಡು. ಒಂದೊಂದೂ ಕಿಟಕಿ ಬಾಗ್ಲು ಇರೋ ಮನೆ ಇದ್ದಂಗದೆ.”

ಜಿಲೇಬಿ ಹಂಚಿದ ದಿನ ಮುಂಬಾಗಿಲಲ್ಲಿ ಬಿದ್ದಿದ್ದ ಚೀನಾ ಹಿಂಬಾಗಿಲಿಂದ ಲಾರಿಯಲ್ಲಿ ಬಂದಿತ್ತು. ಆಟಿಕೆ ಎಂದು ಬರೆದರೆ ನಮ್ಮ ಸರ್ಕಾರದ್ದೇ ಎಪ್ಪತ್ತು ಪರ್ಸೆಂಟು ಸುಂಕ, ಆದ್ದರಿಂದ ಕಾಗದದಲ್ಲಿ ಅವು ಬರೀ ‘ಮರದ ಡಬ್ಬಿ’. ಅಮೆರಿಕಕ್ಕೆ ಹೋಗುವಾಗ ‘ಚನ್ನಪಟ್ಟಣದ ಕೈಕೆಲಸ’. ಒಂದು ಡಬ್ಬಿಗೆ ಇಷ್ಟು ಹೆಸರುಗಳು. ಬಾಣಂತಿ ಮನೆಯಲ್ಲೂ ಮಗುವಿಗೆ ಇಷ್ಟು ಇಡುವುದಿಲ್ಲ.

“ಪ್ರಸಾದಪ್ಪ, ಇವು ನಮ್ಮವಲ್ವಲ್ಲ.”

“ನಮ್ಮವಾಗಿ ಮಾಡೋಕೇ ನೀವಿರೋದು. ಅರಗಿನ ಬಣ್ಣ ಹಚ್ಚಿ. ತಳಕ್ಕೆ ನಿಮ್ಮ ಗೆರೆ ಎಳೀರಿ. ಮಾಡಿದೋರ ಗುರುತು ಬೇಕೇಬೇಕು ಅಂತ ಆ ಕಂಪನಿಯೋರು ಕೇಳಿದಾರೆ.”

“ಮಾಡ್ದೋರು ನಾನಲ್ವಲ್ಲ. ಸುಳ್ಳಾಗಾಕಿಲ್ವಾ?”

“ಸುಳ್ಳಲ್ಲ ಗಂಗಮ್ಮೋರೆ, ವ್ಯಾಲ್ಯೂ ಅಡಿಷನ್.” ಅವನು ದನಿ ತಗ್ಗಿಸಿದ. “ಇದೊಂದ್ ಮುಗಿಸಿಕೊಡಿ. ಮೂರನೇ ಲೇತ್ ನಾನೇ ಆಟೋಗೆ ಹಾಕಿ ಮನೆಗೆ ಕಳಿಸ್ತೀನಿ. ಅಪ್ಪನ ಆಣೆ.”

ಗಂಗಲಕ್ಷ್ಮಮ್ಮನ ಕಣ್ಣೆದುರು ನಾಲ್ಕು ಬೋಲ್ಟುಗಳು ನಿಂತಿದ್ದವು, ಮಳೆಗೆ ತುಕ್ಕು ಹಿಡಿಯದಂತೆ ಅವಳೇ ಕೊಬ್ಬರಿಎಣ್ಣೆ ಸವರಿದ್ದ ಬೋಲ್ಟುಗಳು. ಸೀರೆಯ ಸೆರಗು ಸಿಕ್ಕಿಸಿ ಲೇತಿನ ಮುಂದೆ ಕೂತಳು. ಇಲ್ಲಿ ಅವಳ ಪರ ವಹಿಸುವುದು ಬೇಡ. ಅವಳೂ ವಹಿಸಿಕೊಳ್ಳಲಿಲ್ಲ. ಮೊದಲ ಡಬ್ಬಿಯ ತಳಕ್ಕೆ ಹಸಿರು, ಹಳದಿ, ಹಸಿರು ಎಳೆದಳು. ಹತ್ತನೆಯದಕ್ಕೆ ಅಭ್ಯಾಸವಾಗಿತ್ತು.

ಆದರೆ ಹನ್ನೊಂದನೆಯ ಡಬ್ಬಿಯನ್ನು, ಮೂವತ್ತೊಂದು ವರ್ಷದ ರೂಢಿಯಿಂದ, ಕಿವಿಯ ಹತ್ತಿರ ಹಿಡಿದು ಮುಚ್ಚಳ ಎತ್ತಿದಳು.

ಉಸ್.

ಸಡಿಲ ಮುಚ್ಚಳ. ಮತ್ತೊಂದನ್ನು ಎತ್ತಿದಳು. ಉಸ್. ಯಂತ್ರ ಕಡೆದ ಆರು ಸಾವಿರ ಮುಚ್ಚಳಗಳೂ ಹಾಗೆಯೇ, ಉಸ್ ಎಂದು ಉಸಿರು ಬಿಡುವಂಥವು. ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಬಣ್ಣ, ಗೆರೆ, ಅಷ್ಟೇ. ಆದರೆ ಅವಳು ಡಬ್ಬಿಯ ಕುತ್ತಿಗೆಗೆ ಅರಗಿನ ಒಂದು ಪದರ ಹೆಚ್ಚಿಗೆ ಕೂರಿಸಿ, ಉಳಿಯ ತುದಿಯಿಂದ ಕೂದಲೆಳೆಯಷ್ಟು ಸವರಿ, ಮುಚ್ಚಳ ಮುಚ್ಚಿ ಕಿವಿಗೆ ತಂದಳು.

ಟಪ್.

“ಅಕ್ಕ, ಅದನ್ಯಾರು ಮಾಡು ಅಂದ್ರು?” ಎಂದಳು ಮಜೀದಾ.

“ಗೆರೆ ನಂದು ಕಣೆ. ಗೆರೆ ಇರೋ ಡಬ್ಬಿ ಉಸ್ ಅನ್ನಂಗಿಲ್ಲ.”

“ಕಳ್ಳ ಮಾಲು ಅಕ್ಕ ಇದು!”

“ಆಗ್ಲಿ. ಕಳ್ಳ ಮಾಲಿಗೂ ಮುಚ್ಚಳ ಸರಿಯಾಗಿ ಕೂರ್ಬೇಕು.”

ಮೋಸವನ್ನೂ ಅಚ್ಚುಕಟ್ಟಾಗಿ ಮಾಡುವ ಈ ದಡ್ಡತನ ಬೇರೆ ಯಾವ ಊರಿನ ಮೋಸಗಾರರಿಗೂ ಬಂದಿರಲಾರದು. ಎರಡು ನಿಮಿಷದ ಕೆಲಸಕ್ಕೆ ನಾಲ್ಕು ನಿಮಿಷ ಹಿಡಿಯಿತು. ಕೊನೆಕೊನೆಗೆ ಮಜೀದಾಳೂ ಹೊಳಪು ಕೊಟ್ಟ ಮೇಲೆ ತಾನೇ ಕಿವಿಗೆ ಹಿಡಿದು ನೋಡಿ, ಸದ್ದು ಕಮ್ಮಿಯಾದದ್ದನ್ನು ಹಿಂದಕ್ಕೆ ತಳ್ಳತೊಡಗಿದಳು. ನಲವತ್ತು ದಿನದ ಗಡುವಿನೊಳಗೆ, ರಾತ್ರಿಯೂ ಕೂತು, ಆರು ಸಾವಿರ ಮುಚ್ಚಳಗಳೂ ಟಪ್ ಎಂದವು. ರುದ್ರಪ್ರಸಾದ್ ಅದನ್ನು ವಿಡಿಯೊ ಮಾಡಿ ಅಮೆರಿಕಕ್ಕೆ ಕಳಿಸಿ, ‘ಇನ್ನೂರು ವರ್ಷದ ಪರಂಪರೆಯ ಸದ್ದು’ ಎಂದು ಬರೆದ.

ಪರಂಪರೆ ಗೋಡೌನಿನಲ್ಲಿ ಕೂತಿತು. ಯಾಕೆಂದರೆ ಅಷ್ಟರಲ್ಲಿ ಆ ಇಬ್ಬರು ವಾರಗಿತ್ತಿಯರು ರಾಜಿಯಾಗಿದ್ದರು. ಚೀನಾದ ನೂರಾ ನಲವತ್ತೈದು ಇಳಿದು ಮೂವತ್ತಾಯಿತು. ಅಮೆರಿಕದ ಕಂಪನಿ, ‘ಸ್ವಲ್ಪ ನೋಡೋಣ’ ಎಂದಿತು. ಜೂನ್ ನೋಡಿತು, ಜುಲೈ ನೋಡಿತು. ಲೇತ್ ಕೇಳಿದರೆ ರುದ್ರಪ್ರಸಾದನೂ, “ಮಾಲು ಹೋಗ್ಲಿ, ನೋಡೋಣ,” ಎಂದ. ಆಗಸ್ಟಿನಲ್ಲಿ ಅಮೆರಿಕ ಭಾರತದ ಕಡೆ ತಿರುಗಿ, ಮೊದಲು ಇಪ್ಪತ್ತೈದು, ಮೂರು ವಾರದಲ್ಲೇ ಐವತ್ತು ಎಂದಿತು. ಅಂದು ಬೋರ್ಡಿನ ಸುತ್ತ ಯಾರೂ ಹೂವು ಬಿಡಿಸಲಿಲ್ಲ. ಗಂಗಲಕ್ಷ್ಮಮ್ಮ ಮಾತ್ರ, “ಚೀನಾದಲ್ಲಿ ಇವತ್ತು ಜಿಲೇಬಿ ಕಣೆ ಮಜೀದಾ,” ಎಂದಳು.

ದಸರಾ ಬಂತು. ಊರ ತುಂಬ ಗೊಂಬೆ ಕೂರಿಸುವ ಹಬ್ಬ. ಬೆಂಗಳೂರು ರಸ್ತೆಯ ಅಂಗಡಿಗಳಲ್ಲಿ ಜನ ಕಾರು ನಿಲ್ಲಿಸಿ ರಾಜ ರಾಣಿಯರನ್ನು, ಮರದ ಕುದುರೆಗಳನ್ನು ಕೇಳುತ್ತಿದ್ದರು. ವೃಷಭ ಗ್ಲೋಬಲ್‌ನಲ್ಲಿ ಒಂದೇ ಒಂದು ರಾಣಿ ಇರಲಿಲ್ಲ. ಹಲ್ಲು ಬಿದ್ದ ಅಮೆರಿಕದ ಮಕ್ಕಳಿಗಾಗಿ ಆರು ಸಾವಿರ ಡಬ್ಬಿಗಳು ಬಾಯಿ ಮುಚ್ಚಿಕೊಂಡು ಕೂತಿದ್ದವು. ಹಾಲುಹಲ್ಲು ಯಾವ ದೇಶದ ಸುಂಕಕ್ಕೂ ಕಾಯದೆ ಬೀಳುತ್ತಲೇ ಇದ್ದಿರಬೇಕು.

ಆಗ ರುದ್ರಪ್ರಸಾದನಿಗೆ ಉಪಾಯ ಹೊಳೆಯಿತು. ಭಾರತದಿಂದ ಹೋದರೆ ಐವತ್ತು, ಚೀನಾದಿಂದ ಹೋದರೆ ಮೂವತ್ತು. ಈ ಡಬ್ಬಿಗಳು ಎಷ್ಟಾದರೂ ಹುಟ್ಟಿದ್ದು ಚೀನಾದಲ್ಲೇ ತಾನೆ? ವಾಪಸು ಅಲ್ಲಿಗೇ ಕಳಿಸಿ, ಅಲ್ಲಿಂದ ಅಮೆರಿಕಕ್ಕೆ ಹೊರಡಿಸಿದರಾಯಿತು. ಹೀಗೆ ಸತ್ಯಕ್ಕೆ ಸುಂಕ ಕಡಿಮೆಯಾದ ದಿನ ರುದ್ರಪ್ರಸಾದ್ ಸತ್ಯವಂತನಾದ.

ಮಾದರಿಗೆಂದು ಎರಡು ಡಬ್ಬಿಗಳನ್ನು ಕೊರಿಯರ್‌ನಲ್ಲಿ ಅವನ್ನು ಕಡೆದ ಚೀನಾದ ಕಾರ್ಖಾನೆಗೆ ಕಳಿಸಿದ. ದೀಪಾವಳಿಗೆ ಹತ್ತು ದಿನ ಇರುವಾಗ, ಒಂದು ಶುಕ್ರವಾರ, ಅಲ್ಲಿಂದ ವಿಡಿಯೊ ಕರೆ ಬಂತು. ರುದ್ರಪ್ರಸಾದ್ ಫೋನನ್ನು ಗಂಗಲಕ್ಷ್ಮಮ್ಮನ ಲೇತಿಗೆ ಒರಗಿಸಿ ಇಟ್ಟ. ಪರದೆಯಲ್ಲಿ ಅರುವತ್ತರ ಆಸುಪಾಸಿನ ಒಬ್ಬ ಮೇಸ್ತ್ರಿ. ಹುಬ್ಬಿನ ಮೇಲೆಲ್ಲ ಮರದ ಪುಡಿ.

ಆ ಮೇಸ್ತ್ರಿ ಡಬ್ಬಿಯನ್ನು ಕ್ಯಾಮೆರಾದ ಮುಂದೆ ಹಿಡಿದು ಮುಚ್ಚಳ ಎತ್ತಿದ. ಟಪ್. ಹುಬ್ಬು ಮೇಲೇರಿತು. ಮುಚ್ಚಿದ, ಮತ್ತೆ ಎತ್ತಿದ. ಟಪ್. ಈ ಸಲ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದುಕೊಂಡಿದ್ದ. ಮೂರನೆಯ ಸಲ ಅವನ ಮುಖದಲ್ಲಿ ನಗು ಬಂತು. ಡಬ್ಬಿಯನ್ನು ಮಗುಚಿ, ತಳದ ಗೆರೆಯ ಮೇಲೆ ಹೆಬ್ಬೆರಳು ಆಡಿಸಿ, ಏನೋ ಹೇಳಿದ.

ಫೋನೇ ಅದನ್ನು ತರ್ಜುಮೆ ಮಾಡಿ ತೋರಿಸಿತು. ರುದ್ರಪ್ರಸಾದ್ ಓದಿ ಹೇಳಿದ: “ತುಂಬಾ ಚೆನ್ನಾಗಿದೆಯಂತೆ. ಇದನ್ನ ಮಾಡಿದ್ದು ಯಾರು ಅಂತಾನೆ.”

ಗಂಗಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ಎದೆ ಮುಟ್ಟಿ ತೋರಿಸಿದಳು. ಆಚೆಯವನು ತಲೆ ಬಾಗಿಸಿದ. “ಅವ್ರೂ ಲೇತ್ ತಿರುಗ್ಸೋರು ಕಣೆ,” ಎಂದು ಮಜೀದಾಳ ಕಿವಿಯಲ್ಲಿ ಹೇಳಿದಳು. “ಕಿವಿಗೆ ಮಡಿಕ್ಕಂಡ್ರು, ನೋಡ್ದಾ?”

ಮೇಸ್ತ್ರಿ ಒಂದು ಕಾಗದ ಎತ್ತಿ ತೋರಿಸಿ, ತಲೆ ಅಲ್ಲಾಡಿಸಿ, ಮತ್ತೆ ಮಾತಾಡಿದ. ರುದ್ರಪ್ರಸಾದನ ಮುಖ ಇಳಿಯಿತು. ಅವರ ಕಾರ್ಖಾನೆಯ ಮಾಲು ಎಂದು ಕಳಿಸಬೇಕಾದರೆ ಅವರ ಕಾಗದದಲ್ಲಿರುವ ಹಾಗೆಯೇ ಇರಬೇಕು. ಐದು ವರ್ಷದ ಮಗು ಎರಡು ಬೆರಳಲ್ಲಿ ಸಲೀಸಾಗಿ ತೆರೆಯುವಂಥ ಸಡಿಲ ಮುಚ್ಚಳ. ಬಣ್ಣ ಇದ್ದರೆ ಅಡ್ಡಿಯಿಲ್ಲ, ತಳದಲ್ಲಿ ಯಾವ ಗುರುತೂ ಇರಕೂಡದು. ಇದು ಬಹಳ ಒಳ್ಳೆಯ ಡಬ್ಬಿ, ಆದರೆ ನಮ್ಮದಲ್ಲ ಎಂದು ಅವನು ಹೇಳಿದ್ದ. ಕರೆ ಮುಗಿಸುವ ಮುಂಚೆ ಇನ್ನೊಂದು ಸಲ ಟಪ್ ಅನ್ನಿಸಿ ನೋಡಿದ.

ಮರುದಿನ ಬೆಳಿಗ್ಗೆ ಗೋಡೌನಿನ ಪೆಟ್ಟಿಗೆಗಳೆಲ್ಲ ಮೂರನೆಯ ಲೇತಿನ ಸುತ್ತ ಗೋಪುರವಾಗಿ ನಿಂತಿದ್ದವು. ಪಕ್ಕದಲ್ಲಿ ಮರಳುಕಾಗದದ ಕಟ್ಟು.

“ದೊಡ್ಡ ಕೆಲಸ ಏನಲ್ಲ ಗಂಗಮ್ಮೋರೆ,” ಎಂದ ರುದ್ರಪ್ರಸಾದ್. “ತಳದ ಗೆರೆ ಕೆರೀಬೇಕು. ಕುತ್ತಿಗೆ ಒಸಿ ತೇದು ಮುಚ್ಚಳ ಸಡಿಲ ಮಾಡ್ಬೇಕು. ಮುಂಚೆ ಹೆಂಗಿತ್ತೋ ಹಂಗೆ.”

“ಮುಂಚೆ ಉಸ್ ಅಂತಿತ್ತು.”

“ಹಾಂ, ಉಸ್ ಅನ್ನಿಸಿ. ಉಸ್ ಅಂದ್ರೆ ಮೂವತ್ತು, ಟಪ್ ಅಂದ್ರೆ ಐವತ್ತು. ಅಷ್ಟೇ ಲೆಕ್ಕ.”

“ಅಷ್ಟಕ್ಕೂ ಅದನ್ನ ಸರಿ ಮಾಡಿ ಅಂದೋರ್ ಯಾರು ನಿಮಗೆ?” ಎಂದು ಅವನೇ ಸೇರಿಸಿದ. “ನಾನು ಹೇಳಿದ್ದು ಬಣ್ಣ, ಗೆರೆ. ನೀವು ಸುಮ್ನೆ ಹೇಳಿದಷ್ಟು ಕೆಟ್ಟ ಕೆಲಸ ಮಾಡಿದ್ರೆ ಇವತ್ತು ಇಷ್ಟು ಫಜೀತಿ ಇರ್ತಿತ್ತಾ?”

ಮಜೀದಾ ತಾಳೆಗರಿ ಕೆಳಗಿಟ್ಟಳು. “ಪ್ರಸಾದಣ್ಣ, ಒಳ್ಳೇ ಕೆಲಸ ಮಾಡಿದ್ದಕ್ಕೆ ಬೈಸ್ಕೊಂಡಿದ್ದು ನಾನು ಇದೇ ಮೊದ್ಲು ನೋಡ್ತಿರೋದು.”

“ನೀನು ಸುಮ್ನಿರಮ್ಮ.” ಅವನು ಗಂಗಲಕ್ಷ್ಮಮ್ಮನ ಕಡೆ ತಿರುಗಿದ. “ನೋಡಿ, ದೀಪಾವಳಿ ಒಳಗೆ ಇದು ಆದ್ರೆ ಲೇತ್ ನಿಮ್ಮನೇಲಿರತ್ತೆ, ಆಟೋದೋನಿಗೆ ಹೇಳಿದೀನಿ. ಆಗಲ್ಲ ಅಂದ್ರೆ ಹೇಳ್ಬಿಡಿ. ಗುಜರಿಯೋನು ಎರಡು ಸಲ ಬಂದು ನೋಡ್ಕೊಂಡ್ ಹೋಗಿದಾನೆ. ಹಳೇ ಕಬ್ಬಿಣಕ್ಕೆ ಈಗ ಒಳ್ಳೆ ರೇಟಿದೆ.”

ಗಂಗಲಕ್ಷ್ಮಮ್ಮ ಲೇತಿನ ಮೈ ಸವರಿದಳು. ಎಡಗಡೆ ಅವಳ ಮೊಣಕೈ ಒರಗಿ ಒರಗಿ ಬಣ್ಣ ಹೋಗಿ ಬೆಳ್ಳಿಯಂತೆ ಹೊಳೆಯುವ ಜಾಗ. ಕೂತಳು. ಒಂದು ಡಬ್ಬಿ ತೆಗೆದು ಸಿಕ್ಕಿಸಿ, ಮೋಟಾರ್ ಹಾಕಿ, ಉಳಿ ತಾಗಿಸಿದಳು. ಹಸಿರು ಹೋಯಿತು, ಹಳದಿ ಹೋಯಿತು, ಇನ್ನೊಂದು ಹಸಿರೂ ಹೋಯಿತು. ಕುತ್ತಿಗೆಯ ಅರಗು ನಾರಿನಂತೆ ಸುಲಿದು ಮಡಿಲಿಗೆ ಬಿತ್ತು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಕೆಡಿಸುವುದು ಇಷ್ಟು ಸುಲಭವೆಂದು ಅವಳಿಗೇ ಗೊತ್ತಿರಲಿಲ್ಲ. ಡಬ್ಬಿಯನ್ನು ಕಿವಿಗೆ ಹಿಡಿದು ಮುಚ್ಚಳ ಎತ್ತಿದಳು.

ಉಸ್. ಹಲ್ಲು ಬಿದ್ದ ಬಾಯಿಯಿಂದ ಬಂದ ಮಾತಿನ ಹಾಗೆ.

“ಅದೇ! ಅದೇ ಬೇಕಾಗಿರೋದು!” ರುದ್ರಪ್ರಸಾದ್ ಕೈ ತಟ್ಟಿದ. “ಇನ್ನ ಐದು ಸಾವಿರದ ಒಂಬೈನೂರ…”

ಗಂಗಲಕ್ಷ್ಮಮ್ಮ ಮೋಟಾರ್ ನಿಲ್ಲಿಸಿದಳು. ಲೇತ್ ತಿರುಗುತ್ತಾ ತಿರುಗುತ್ತಾ ನಿಧಾನವಾಗಿ, ಅವಳು ಬಲ್ಲ ಪ್ರತಿಯೊಂದು ಸದ್ದನ್ನೂ ಮಾಡುತ್ತಾ, ನಿಂತಿತು. ಅದು ಪೂರ್ತಿ ನಿಲ್ಲುವವರೆಗೆ ಕಾದಳು.

“ಪ್ರಸಾದಪ್ಪ, ತಪ್ಪು ನಂದೇ,” ಎಂದಳು. “ಲಾರಿ ಬಂದ ದಿನವೇ ನಾನು ಗೆರೆ ಎಳೀಬಾರ್ದಿತ್ತು. ಲೇತಿನ ಆಸೆ, ಎಳುದ್ಬುಟ್ಟೆ. ಆದ್ರೆ ಎಳುದ್ಮೇಲೆ ಅವು ನನ್ ಡಬ್ಬಿ. ಅವನ್ನ ಕೆಡ್ಸಿ ಲೇತ್ ತಗಂಡೋದ್ರೆ, ನಾಳೆ ಮನೇಲಿ ಅದರ ಮುಂದೆ ಕೂತಾಗ ಕಿವಿಗೆ ಏನು ಕೇಳಿಸ್ತದೆ, ಹೇಳು?”

“ಗಂಗಮ್ಮೋರೆ, ಸೆಂಟಿಮೆಂಟ್ ಬೇಡ. ಜಗತ್ತು ನಡೀತಿರೋದು ಹೆಂಗೆ ಅಂದ್ರೆ…” ಅಷ್ಟರಲ್ಲಿ ಅವನ ಕೈಯ ಫೋನ್ ಗುಂಯ್‌ಗುಟ್ಟಿತು. ಓದಿದ. ಮತ್ತೆ ಓದಿದ. ಮುಖ ಅರಳಿತು. “ತಡೀರಿ, ತಡೀರಿ! ಕೆರೀಬೇಡಿ! ಅಮೆರಿಕದೋರು ಚೀನಾದ ಮೇಲೆ ಇನ್ನೂ ನೂರು ಪರ್ಸೆಂಟು ಹಾಕ್ತೀವಿ ಅಂದಿದಾರಂತೆ! ನೂರು!”

ಗಂಗಲಕ್ಷ್ಮಮ್ಮ ಲೇತಿನ ಕೆಳಗಿಂದ ತನ್ನ ಐದು ಉಳಿಗಳನ್ನು ತೆಗೆದುಕೊಂಡಳು. ಅವು ರಾಮಲಿಂಗಯ್ಯ ಮೇಷ್ಟ್ರು ಕೊಟ್ಟವು, ಕಾರ್ಖಾನೆಯವಲ್ಲ. ಹಳೆಯ ರವಿಕೆ ಬಟ್ಟೆಯಲ್ಲಿ ಸುತ್ತಿದಳು. ಗೆರೆ ಕಳೆದುಕೊಂಡ ಡಬ್ಬಿಯನ್ನು ರುದ್ರಪ್ರಸಾದನ ಅಂಗೈಯಲ್ಲಿಟ್ಟಳು. ಅವನು ಫೋನಿನಿಂದ ಕಣ್ಣೆತ್ತದೆಯೇ ಅದನ್ನು ಹಿಡಿದುಕೊಂಡ.

“ಗೆರೆ ಇರ್ಲಿ ಗಂಗಮ್ಮೋರೆ! ಗೆರೇನೇ ಬೇಕು ಈಗ! ಬೇಕಾದ್ರೆ ಮೂರರ ಜಾಗಕ್ಕೆ ಐದು ಹಾಕಿ. ಟಪ್ ಇನ್ನೂ ಜೋರಾಗ್ ಬರ್ಲಿ,” ಎನ್ನುತ್ತಾ ಅವನು ಬೋರ್ಡಿನ ಕಡೆ ಹೋಗಿ ಚೀನಾದ ಮೂವತ್ತನ್ನು ತೋಳಿನಿಂದ ಒರೆಸಿದ. “ಮೂವತ್ತು ಪ್ಲಸ್ ನೂರು ಅಂದ್ರೆ ನೂರಾ ಮೂವತ್ತು. ನಮ್ದು ಐವತ್ತು. ಇದರರ್ಥ ಏನು ಗೊತ್ತಾ? ಕೇಳಿ, ನಿಮಗೆ ಅರ್ಥ ಆಗೋ ಹಂಗೆ ಹೇಳ್ತೀನಿ. ಈಗ ಅಮೆರಿಕದೋನು ಏನ್ ಮಾಡ್ತಾನೆ ಅಂದ್ರೆ…”

ಮಜೀದಾ ಎದ್ದು ನಿಂತು ಬಾಗಿಲ ಕಡೆ ನೋಡಿದಳು. ಗಂಗಲಕ್ಷ್ಮಮ್ಮ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ಉಳಿಯ ಗಂಟನ್ನು ಕಂಕುಳಿಗೆ ಸಿಕ್ಕಿಸಿ, ಗಲ್ಲಿಗೆ ಇಳಿದಿದ್ದಳು. ಓಲೆಯ ಮೇಲಿನ ಮರದ ಪುಡಿಯನ್ನು ಬೆರಳಲ್ಲಿ ಕೊಡವಿದಳು. ಹಿಂದೆ, “ಲೇತ್ ಬಗ್ಗೆ ಆಮೇಲೆ ಮಾತಾಡೋಣ, ಮೊದ್ಲು ಈ ನೂರಾ ಮೂವತ್ತರ ವಿಷ್ಯ…” ಎಂಬ ಮಾತು ಇನ್ನೂ ಬರುತ್ತಲೇ ಇತ್ತು. ಅವಳು ತಿರುವು ದಾಟಿದಳು.